ರಾಡಾರ್ ಡಿಟೆಕ್ಟರ್ ಕೊಳ್ಳುವ ಮುಂಚೆ ರಸ್ತೆ ಬದಿಯ ಗನ್ ಯಾವುದು ನೋಡಿ

ಬಳ್ಳಾರಿಯ ಅನಂತಪುರ ರಸ್ತೆಯಲ್ಲಿ ನನ್ನದು ಕಾರ್ ವೈರಿಂಗ್ ಅಂಗಡಿ. ಹಾರ್ನ್, ಲೈಟು, ಡ್ಯಾಶ್‌ಕ್ಯಾಮ್, ರಿವರ್ಸ್ ಕ್ಯಾಮೆರಾ ಹಾಕುವುದು ದಿನದ ಕೆಲಸ. ಈಚೆಗೆ ಒಂದು ಪ್ರಶ್ನೆ ಜಾಸ್ತಿ ಬರುತ್ತಿದೆ. "ಅಣ್ಣಾ, ಪೊಲೀಸ್ರು ಗನ್ ಹಿಡಿದ್ರೆ ಮುಂಚೇನೇ ಹೇಳೋ ಮಷೀನ್ ಐತಂತಲ್ಲ, ನಮ್ ಗಾಡಿಗೆ ಹಾಕ್ತೀರೇನ್ರಿ?" ಜೀನ್ಸ್ ಹೊಲಿಸುವವರು ಕೇಳುತ್ತಾರೆ, ಸಿರುಗುಪ್ಪದ ಅಕ್ಕಿ ಗಿರಣಿಯವರು ಕೇಳುತ್ತಾರೆ, ತೋರಣಗಲ್ಲಿನ ಕಾರ್ಖಾನೆಗೆ ಓಡಾಡುವ ಹುಡುಗರು ಕೇಳುತ್ತಾರೆ. ಗನ್ ಅಂದರೆ ಪೊಲೀಸರು ಗಾಡಿಯ ವೇಗ ಅಳೆಯುವ ಸಾಧನ, ಅದು ಇದೆ ಎಂದು ಮುಂಚೆ ಹೇಳುವ ಮಷೀನೇ ರಾಡಾರ್ ಡಿಟೆಕ್ಟರ್. ಮೊಬೈಲಿನಲ್ಲಿ ಎಲ್ಲರೂ ತೋರಿಸುವುದು ಹೆಚ್ಚುಕಡಿಮೆ ಒಂದೇ ತರಹದ ಕರಿ ಡಬ್ಬಿ. ಅದರ ಮೇಲೆ "360 ಡಿಗ್ರಿ, 16 ಬ್ಯಾಂಡ್" ಎಂದು ದೊಡ್ಡದಾಗಿ ಬರೆದಿರುತ್ತದೆ.

ಇದಕ್ಕೆ ನಾನು ಕೊಡುವ ಉತ್ತರ ಉದ್ದ. ಬಾನೆಟ್ ತೆರೆದಿಟ್ಟುಕೊಂಡು ನಿಂತ ಜಾಗದಲ್ಲೇ ಹೇಳಿ ಮುಗಿಸುವಂಥದ್ದಲ್ಲ. ಹಾಗಾಗಿ ಪೂರ್ತಿ ಬರೆದಿಡುತ್ತಿದ್ದೇನೆ. ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ: ನೀವು ಓಡಾಡುವ ರಸ್ತೆಯಲ್ಲಿ ವೇಗ ಅಳೆಯುವುದು ರಾಡಾರೋ, ಲೇಸರೋ, ಕ್ಯಾಮೆರಾವೋ ಎಂದು ತಿಳಿಯದೆ ಡಿಟೆಕ್ಟರ್‌ಗೆ ಒಂದು ರೂಪಾಯಿ ಕೊಡಬೇಡಿ. ಅದು ಗೊತ್ತಾದ ಮೇಲೆ ನಮ್ಮ ಕಡೆಯ ಬಹಳ ಜನರಿಗೆ ಆ ಡಬ್ಬಿ ಬೇಕಾಗುವುದಿಲ್ಲ. ಬೇಕೇ ಬೇಕು ಎನ್ನುವವರು ಯಾವುದನ್ನು ನೋಡಿ ತೆಗೆದುಕೊಳ್ಳಬೇಕು ಅನ್ನುವುದನ್ನೂ ಹೇಳುತ್ತೇನೆ.

ರಾಡಾರ್ ವೇಗವನ್ನು ಹೇಗೆ ಅಳೆಯುತ್ತದೆ

ರೈಲ್ವೆ ಗೇಟಿನಲ್ಲಿ ನಿಂತವರಿಗೆಲ್ಲ ಇದು ಕಿವಿಯಿಂದಲೇ ಗೊತ್ತು. ರೈಲು ಹಾರ್ನ್ ಹೊಡೆಯುತ್ತಾ ಹತ್ತಿರ ಬರುವಾಗ ಸದ್ದು ಕೀರಲಾಗಿ ಕೇಳುತ್ತದೆ. ಎಂಜಿನ್ ನಮ್ಮನ್ನು ದಾಟಿದ ಕೂಡಲೇ ಅದೇ ಹಾರ್ನ್ ದಪ್ಪಗಾಗುತ್ತದೆ. ಹಾರ್ನ್ ಬದಲಾಗಿಲ್ಲ. ಬರುವಾಗ ಸದ್ದಿನ ಅಲೆಗಳು ಒತ್ತೊತ್ತಾಗಿ ಕಿವಿಗೆ ಬಡಿಯುತ್ತವೆ, ಹೋಗುವಾಗ ವಿರಳವಾಗುತ್ತವೆ, ಅಷ್ಟೇ. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಇದನ್ನು ವಿವರಿಸಿದ. ಅದಕ್ಕೇ ಇದನ್ನು ಡಾಪ್ಲರ್ ಪರಿಣಾಮ ಅನ್ನುತ್ತಾರೆ.

ರಾಡಾರ್ ಗನ್ ಸದ್ದಿನ ಬದಲು ರೇಡಿಯೋ ಅಲೆ ಕಳಿಸುತ್ತದೆ. ಅಲೆ ಹೋಗಿ ಕಾರಿಗೆ ಬಡಿದು ವಾಪಸ್ ಬರುತ್ತದೆ. ಕಾರು ಗನ್ ಕಡೆಗೆ ಬರುತ್ತಿದ್ದರೆ ವಾಪಸ್ ಬಂದ ಅಲೆ ಸ್ವಲ್ಪ ಒತ್ತಾಗಿರುತ್ತದೆ. ಕಳಿಸಿದ್ದಕ್ಕೂ ಬಂದಿದ್ದಕ್ಕೂ ಇರುವ ವ್ಯತ್ಯಾಸವೇ ಕಾರಿನ ವೇಗ. ಬ್ಯಾಂಡ್ ಅಂದರೆ ಹತ್ತಿರ ಹತ್ತಿರದ ಆವರ್ತನಗಳ ಒಂದು ಗುಂಪು. ಪೊಲೀಸ್ ರಾಡಾರಿನಲ್ಲಿ ಬಹಳ ಬಳಕೆಯಲ್ಲಿರುವ ಕೆ ಬ್ಯಾಂಡ್ ತೆಗೆದುಕೊಳ್ಳಿ. ಅದರ ಆವರ್ತನ ಸುಮಾರು 24.15 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 2,415 ಕೋಟಿ ಅಲೆಗಳು. ಗಾಡಿ ಗಂಟೆಗೆ ಒಂದು ಕಿಲೋಮೀಟರ್ ವೇಗದಲ್ಲಿ ಬಂದರೆ ಈ ಲೆಕ್ಕದಲ್ಲಿ ಸುಮಾರು 45 ಅಲೆಗಳ ವ್ಯತ್ಯಾಸ ಆಗುತ್ತದೆ. 80ರಲ್ಲಿ ಬಂದರೆ ಸುಮಾರು 3,580. ನೂರರಲ್ಲಿ ಬಂದರೆ ಸುಮಾರು 4,470. ಕೋಟಿಗಳ ನಡುವೆ ಇಷ್ಟು ಸಣ್ಣ ವ್ಯತ್ಯಾಸ ಹಿಡಿಯುವುದು ಕಷ್ಟ ಅನಿಸಬಹುದು. ಆದರೆ ಗನ್ ಒಳಗೆ ಎರಡೂ ಅಲೆಗಳನ್ನು ಬೆರೆಸಿದರೆ ವ್ಯತ್ಯಾಸ ಮಾತ್ರ ಪ್ರತ್ಯೇಕವಾಗಿ ಸಿಗುತ್ತದೆ. ಆ ಕೆಲಸಕ್ಕೆ ದೊಡ್ಡ ಯಂತ್ರವೇನೂ ಬೇಕಾಗಿಲ್ಲ.

ಇಲ್ಲಿ ಎರಡು ವಿಷಯ ನೆನಪಿಡಬೇಕು. ಮೊದಲನೆಯದು ಕೋನ. ಗನ್ ನಿಮ್ಮ ಎದುರಿಗೆ ನೇರವಾಗಿ ಇಲ್ಲದೆ ರಸ್ತೆಯ ಪಕ್ಕದಲ್ಲಿದ್ದರೆ ಅದು ತೋರಿಸುವ ವೇಗ ನಿಜವಾದ ವೇಗಕ್ಕಿಂತ ಕಡಿಮೆ ಬರುತ್ತದೆ. 10 ಡಿಗ್ರಿ ಓರೆಯಿದ್ದರೆ ನೂರು ಇದ್ದದ್ದು ಸುಮಾರು 98 ಆಗುತ್ತದೆ. 30 ಡಿಗ್ರಿ ಆದರೆ 87ರ ಹತ್ತಿರ. ನೇರ ರಸ್ತೆಯ ಬದಿಯಲ್ಲಿ ಗನ್ ಒಂದೇ ಕಡೆ ನಿಂತಿದ್ದರೆ ಈ ಓರೆಯಿಂದ ನಿಮಗೆ ನಷ್ಟ ಇಲ್ಲ. ಕಂಬಕ್ಕೆ ಕಟ್ಟಿದ ಸ್ಥಿರ ರಾಡಾರಿನಲ್ಲಿ ಮಾತ್ರ ಆ ಕೋನವನ್ನು ಲೆಕ್ಕಕ್ಕೆ ಸೇರಿಸಿ ಸರಿಪಡಿಸಿರುತ್ತಾರೆ.

ಎರಡನೆಯದು ಕಿರಣದ ಅಗಲ. ಕೈಯಲ್ಲಿ ಹಿಡಿಯುವ ರಾಡಾರ್ ಗನ್ನಿನ ಕಿರಣ ಹತ್ತು ಹದಿನೈದು ಡಿಗ್ರಿ ಹರಡುತ್ತದೆ. 300 ಮೀಟರ್ ದೂರ ಹೋಗುವಷ್ಟರಲ್ಲಿ ಅದು 50 ಮೀಟರಿಗೂ ಅಗಲ. ಅಷ್ಟರೊಳಗೆ ನಿಮ್ಮ ಕಾರು, ಹಿಂದೆ ಬರುವ ಟಿಪ್ಪರ್, ಪಕ್ಕದ ಬೈಕು ಎಲ್ಲವೂ ಬರುತ್ತವೆ. ದೊಡ್ಡ ಲೋಹದ ಮೈ ಇರುವ ಲಾರಿ ಜೋರಾಗಿ ಅಲೆ ತಿರುಗಿಸುತ್ತದೆ, ಸಣ್ಣ ಕಾರು ಮೆತ್ತಗೆ. ಹಾಗಾಗಿ ವಾಹನ ಒಂದರ ಹಿಂದೆ ಒಂದು ಬರುವ ಕಡೆ ರಾಡಾರ್ ತೋರಿಸಿದ ಅಂಕಿ ಯಾರದ್ದು ಅನ್ನುವ ಪ್ರಶ್ನೆ ನಿಜವಾಗಿಯೂ ಏಳುತ್ತದೆ. ಪ್ರಪಂಚದ ಎಷ್ಟೋ ಕಡೆ ಪೊಲೀಸರು ಲೇಸರಿಗೆ ಹೋಗಲು ಇದು ಒಂದು ದೊಡ್ಡ ಕಾರಣ.

ಡಿಟೆಕ್ಟರ್ ಏನು ಮಾಡುತ್ತದೆ

ಡಿಟೆಕ್ಟರ್ ಒಂದು ರೇಡಿಯೋ. ಅದು ಏನನ್ನೂ ಕಳಿಸುವುದಿಲ್ಲ, ಅಳೆಯುವುದಿಲ್ಲ. ಗನ್ನಿನ ಅಲೆ ಗಾಳಿಯಲ್ಲಿದೆಯಾ ಎಂದು ಸುಮ್ನೆ ಕಿವಿಗೊಟ್ಟು ಕೂತಿರುತ್ತದೆ.

ಗನ್ನಿಗಿಂತ ಮೊದಲು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಕತ್ತಲಲ್ಲಿ ಹೊಲದ ಆಚೆ ಯಾರೋ ಬ್ಯಾಟರಿ ಹಿಡಿದಿದ್ದರೆ ಆ ಬೆಳಕು ನಿಮಗೆ ಬಹಳ ದೂರದಿಂದ ಕಾಣುತ್ತದೆ, ಆದರೆ ಅವರಿಗೆ ನೀವು ಕಾಣಬೇಕಾದರೆ ಹತ್ತಿರ ಬರಬೇಕು. ಇಲ್ಲೂ ಅಷ್ಟೇ. ಡಿಟೆಕ್ಟರಿಗೆ ಅಲೆ ಒಂದೇ ದಾರಿ ಬಂದರೆ ಸಾಕು. ಗನ್ನಿಗೆ ಅದು ಹೋಗಿ ತಿರುಗಿ ಬರಬೇಕು. ದೂರ ಎರಡು ಪಟ್ಟಾದರೆ ಡಿಟೆಕ್ಟರಿಗೆ ಸಿಗುವ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಗನ್ನಿಗೆ ವಾಪಸ್ ಸಿಗುವುದು ಹದಿನಾರನೇ ಒಂದು ಭಾಗಕ್ಕೆ. ಡಿಟೆಕ್ಟರಿನ ಇಡೀ ವ್ಯಾಪಾರ ಈ ವ್ಯತ್ಯಾಸದ ಮೇಲೆ ನಿಂತಿದೆ.

ಆದರೆ ಇದು ಗನ್ ಸದಾ ಚಾಲೂ ಇದ್ದಾಗಿನ ಮಾತು. ಪೊಲೀಸರು ಗನ್ ಆಫ್ ಇಟ್ಟುಕೊಂಡು, ನಿಮ್ಮ ಗಾಡಿ ಹತ್ತಿರ ಬಂದಾಗ ಮಾತ್ರ ಗುಂಡಿ ಒತ್ತಿದರೆ ಡಿಟೆಕ್ಟರಿಗೂ ಗನ್ನಿಗೂ ಒಟ್ಟಿಗೇ ಗೊತ್ತಾಗುತ್ತದೆ. ನಿಮ್ಮ ಮುಂದೆ ಹೋಗುತ್ತಿರುವ ಬೇರೆ ಗಾಡಿಗೆ ಗನ್ ಹಿಡಿದಿದ್ದರೆ ಆ ಅಲೆಯ ಚೂರು ನಿಮಗೂ ಸಿಗಬಹುದು. ಖಾಲಿ ರಸ್ತೆಯಲ್ಲಿ ನೀವೊಬ್ಬರೇ ಇದ್ದರೆ ಅದೂ ಇಲ್ಲ.

ಈ ಯಂತ್ರಗಳು ಜನಪ್ರಿಯ ಆಗಿದ್ದು ಅಮೆರಿಕದಲ್ಲಿ. ತೈಲದ ಕೊರತೆ ಬಂದಾಗ 1974ರಲ್ಲಿ ಅಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ಮಿತಿ ಹಾಕಿದರು, ನಮ್ಮ ಲೆಕ್ಕದಲ್ಲಿ ಸುಮಾರು 88 ಕಿಲೋಮೀಟರ್. ಉದ್ದನೆಯ ಖಾಲಿ ಹೆದ್ದಾರಿ, ಎಲ್ಲೆಲ್ಲೂ ರಾಡಾರ್. ಡಿಟೆಕ್ಟರಿಗೆ ಬೇಡಿಕೆ ಬಂತು. 1978ರಲ್ಲಿ ಎಸ್ಕಾರ್ಟ್ ಎಂಬ ಡಿಟೆಕ್ಟರ್ ಬಂದು ಹೆಸರು ಮಾಡಿತು. ಅಲೆ ಮುಂದಿನಿಂದ ಬಂತೋ ಹಿಂದಿನಿಂದ ಬಂತೋ ಎಂದು ಬಾಣದ ಗುರುತಿನಲ್ಲಿ ತೋರಿಸುವ ವ್ಯಾಲೆಂಟೈನ್ ಒನ್ 1992ರಲ್ಲಿ ಬಂತು. ಇವತ್ತಿಗೂ ಅಂತರ್ಜಾಲದಲ್ಲಿ ಸಿಗುವ ಹೊಗಳಿಕೆ, ಹೋಲಿಕೆ, ವಿಡಿಯೋ ಬಹುಪಾಲು ಅಲ್ಲಿನ ರಸ್ತೆಯವು. ಅಲ್ಲಿ ಕೆ ಬ್ಯಾಂಡ್ ಜೊತೆಗೆ 33.4ರಿಂದ 36 ಗಿಗಾಹರ್ಟ್ಸ್‌ವರೆಗಿನ ಕೆಎ ಬ್ಯಾಂಡ್ ಬಹಳ ಬಳಕೆಯಲ್ಲಿದೆ. ಆ ವಿಡಿಯೋ ನೋಡಿ ಇಲ್ಲಿಗೆ ಯಂತ್ರ ತರಿಸುವುದು ಸರಿಯಾದ ಲೆಕ್ಕ ಅಲ್ಲ.

ಲೇಸರ್ ಬಂದರೆ ಆಟ ಬೇರೆ

ನಮ್ಮ ಕಡೆ ಹೆದ್ದಾರಿ ಬದಿಯಲ್ಲಿ ಪೊಲೀಸರು ವೇಗ ತಪಾಸಣೆಯ ಇಂಟರ್‌ಸೆಪ್ಟರ್ ಗಾಡಿ ನಿಲ್ಲಿಸಿ, ಸ್ಟ್ಯಾಂಡ್ ಮೇಲೆ ದುರ್ಬೀನಿನಂಥ ಸಾಧನ ಇಟ್ಟಿರುವುದನ್ನು ನೀವು ನೋಡಿರುತ್ತೀರಿ. ಅದು ಹೆಚ್ಚಾಗಿ ಲೇಸರ್ ಗನ್. ಗುರುತಿಸುವುದು ಸುಲಭ. ಲೇಸರ್ ಗನ್ನಿನ ಮುಖದಲ್ಲಿ ಗಾಜಿನ ಲೆನ್ಸ್ ಇರುತ್ತದೆ, ಸಾಮಾನ್ಯವಾಗಿ ಎರಡು. ಪೊಲೀಸರು ಅದರ ಮೂಲಕ ನೋಡಿ ಒಂದೊಂದೇ ಗಾಡಿಗೆ ಗುರಿ ಇಡುತ್ತಾರೆ. ರಾಡಾರ್ ಗನ್ನಿನ ಮುಂದೆ ಗಾಜು ಇರುವುದಿಲ್ಲ, ಬರೀ ಪ್ಲಾಸ್ಟಿಕ್ ಮುಚ್ಚಳ. ಸಿಗ್ನಲ್ ಕಂಬ ಅಥವಾ ಕಮಾನಿನ ಮೇಲೆ ಕ್ಯಾಮೆರಾ ಪಕ್ಕದಲ್ಲಿ ಚಪ್ಪಟೆ ಪ್ಲಾಸ್ಟಿಕ್ ಪೆಟ್ಟಿಗೆ ಕಂಡರೆ ಅದು ರಾಡಾರ್ ಇರಬಹುದು.

ಲೇಸರ್ ಗನ್ ಕಣ್ಣಿಗೆ ಕಾಣದ ಬೆಳಕಿನ ಚೂರುಗಳನ್ನು ಕಳಿಸುತ್ತದೆ. ಆ ಬೆಳಕಿನ ಅಲೆಯ ಉದ್ದ ಸುಮಾರು 905 ನ್ಯಾನೋಮೀಟರ್. ಇದರಲ್ಲಿ ಡಾಪ್ಲರ್ ಲೆಕ್ಕ ಇಲ್ಲ. ಬೆಳಕು ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡುತ್ತದೆ. 300 ಮೀಟರ್ ದೂರದ ಗಾಡಿಗೆ ಹೋಗಿ ಬರಲು ಒಂದು ಸೆಕೆಂಡಿನ ಹತ್ತು ಲಕ್ಷ ಭಾಗದಲ್ಲಿ ಎರಡು ಭಾಗ ಸಾಕು. ಹೀಗೆ ನೂರಾರು ಸಲ ದೂರ ಅಳೆದು, ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆ ಎಂಬುದರಿಂದ ವೇಗ ತೆಗೆಯುತ್ತದೆ. ಎಲ್ಲ ಸೇರಿ ಅರ್ಧ ಸೆಕೆಂಡಿಗಿಂತ ಕಡಿಮೆ.

ಕಿರಣದ ಅಗಲ 300 ಮೀಟರಿನಲ್ಲಿ ಸುಮಾರು ಒಂದು ಮೀಟರ್ ಮಾತ್ರ. ಗುರಿ ಇಡುವುದು ನಂಬರ್ ಪ್ಲೇಟಿಗೆ ಅಥವಾ ಹೆಡ್‌ಲೈಟಿಗೆ, ಯಾಕೆಂದರೆ ಅವು ಬೆಳಕನ್ನು ಚೆನ್ನಾಗಿ ತಿರುಗಿಸುತ್ತವೆ. ನಿಮ್ಮ ಡಿಟೆಕ್ಟರ್ ಇರುವುದು ಮೇಲೆ, ಮುಂದಿನ ಗಾಜಿನ ಹಿಂದೆ. ಬೆಳಕಿನ ಚೂರು ಅಲ್ಲಿಗೆ ಬಿದ್ದರೆ ಬೀಪ್ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಬೀಪ್ ಬಂದ ಹೊತ್ತಿಗೆ ನಿಮ್ಮ ವೇಗ ಆಗಲೇ ಅವರ ಪರದೆಯ ಮೇಲಿರುತ್ತದೆ. ಮನುಷ್ಯನ ಕಾಲು ಬ್ರೇಕಿಗೆ ಹೋಗಲು ಒಂದರಿಂದ ಒಂದೂವರೆ ಸೆಕೆಂಡ್ ಬೇಕು. ಅರ್ಧ ಸೆಕೆಂಡಿನ ಗನ್ನಿನ ಎದುರು ಇದು ಗೆಲ್ಲುವ ಲೆಕ್ಕವೇ ಅಲ್ಲ.

ಇನ್ನು ಕ್ಯಾಮೆರಾ. ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಏನನ್ನೂ ಬಿಡುಗಡೆ ಮಾಡದೆ ಸುಮ್ನೆ ನೋಡುತ್ತಿರಬಹುದು. ಎರಡು ಕ್ಯಾಮೆರಾಗಳ ನಡುವೆ ಎಷ್ಟು ಹೊತ್ತಿನಲ್ಲಿ ಬಂದಿರಿ ಎಂದು ಭಾಗಾಕಾರ ಮಾಡಿ ಸರಾಸರಿ ವೇಗ ತೆಗೆಯುವ ವ್ಯವಸ್ಥೆಯೂ ಇದೆ. ಅದಕ್ಕೆ ಯಾವ ಡಿಟೆಕ್ಟರೂ ಬೀಪ್ ಮಾಡುವುದಿಲ್ಲ, ಮಾಡಲು ಅಲ್ಲಿ ಅಲೆಯೇ ಇಲ್ಲ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ನಂಬರ್ ಓದುವ ಕ್ಯಾಮೆರಾಗಳು ಬಂದಿರುವುದು ನಮ್ಮ ಕಡೆಯಿಂದ ಆ ದಾರಿಯಲ್ಲಿ ಹೋಗಿಬರುವವರಿಗೆಲ್ಲ ಗೊತ್ತು.

ಈಗ ನಿಮ್ಮ ದಾರಿ ನೆನಪಿಸಿಕೊಳ್ಳಿ. ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳ, ಗದಗ ಕಡೆಗೆ 67ನೇ ಹೆದ್ದಾರಿ. ಹೊಸಪೇಟೆಯಿಂದ ಚಿತ್ರದುರ್ಗಕ್ಕೂ ಕುಷ್ಟಗಿ ಕಡೆಗೂ 50ನೇ ಹೆದ್ದಾರಿ. ಸಿರುಗುಪ್ಪ, ಸಿಂಧನೂರು, ಮಸ್ಕಿ, ಲಿಂಗಸೂಗೂರಿಗೆ 150ಎ. ಈ ದಾರಿಗಳಲ್ಲಿ ಬರುವಾಗ ನಿಲ್ಲಿಸಿದ ಇಂಟರ್‌ಸೆಪ್ಟರ್ ಕಂಡರೆ ಗಾಜಿನ ಕಣ್ಣು ಇದೆಯಾ ನೋಡಿ. ಆಗ ನಿಮಗೇ ತಿಳಿಯುತ್ತದೆ.

ಆದರೂ ಬೇಕು ಅನ್ನುವವರಿಗೆ

ಕೆಲವರಿಗೆ ಕಾರಣ ಇರುತ್ತದೆ. ಎಲೆಕ್ಟ್ರಾನಿಕ್ಸ್ ಹುಚ್ಚು ಇರುವವರು ಇದ್ದಾರೆ. ಕಾಲೇಜಿನ ಪ್ರಾಜೆಕ್ಟಿಗೆ ಕೇಳುವ ಹುಡುಗರು ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು.

"16 ಬ್ಯಾಂಡ್" ಅನ್ನುವುದನ್ನು ನೋಡಿ ಮರುಳಾಗಬೇಡಿ. ಪೊಲೀಸ್ ರಾಡಾರಿಗೆ ಪ್ರಪಂಚದಲ್ಲಿ ಮುಖ್ಯವಾಗಿ ಬಳಕೆಯಲ್ಲಿರುವುದು ಎಕ್ಸ್, ಕೆ, ಕೆಎ, ಯುರೋಪಿನ ಕೆಲವು ಕಡೆ ಕೆಯು. ಹದಿನಾರು ಹೇಗೆ ಬಂತು, ಒಂದೊಂದರ ಆವರ್ತನ ಎಷ್ಟು ಎಂದು ಮಾರುವವರನ್ನು ಕೇಳಿ. ಕಾಗದದಲ್ಲಿ ಆವರ್ತನದ ಅಂಕಿಯೇ ಇಲ್ಲದ ಯಂತ್ರ ಬೇಡ.

ಒಳ್ಳೆಯ ಡಿಟೆಕ್ಟರ್ ಪರದೆಯ ಮೇಲೆ ಬ್ಯಾಂಡಿನ ಹೆಸರಿನ ಜೊತೆ ಆವರ್ತನವನ್ನೂ ತೋರಿಸುತ್ತದೆ, 24.150 ಎಂದೋ 34.7 ಎಂದೋ. ಇದು ಬಹಳ ಮುಖ್ಯ. ಯಾಕೆಂದರೆ 24 ಗಿಗಾಹರ್ಟ್ಸ್ ಸುತ್ತ ಪೊಲೀಸ್ ಗನ್ ಒಂದೇ ಇಲ್ಲ. ಆಸ್ಪತ್ರೆ, ಮಾಲ್, ಶೋರೂಮುಗಳಲ್ಲಿ ತಾನಾಗಿಯೇ ತೆರೆಯುವ ಗಾಜಿನ ಬಾಗಿಲುಗಳ ಸೆನ್ಸರ್ ಅದೇ ಜಾಗದಲ್ಲಿ ಕೆಲಸ ಮಾಡುತ್ತದೆ. ಪಕ್ಕದಲ್ಲಿ ಹೋಗುವ ಕಾರಿನ ಬ್ಲೈಂಡ್ ಸ್ಪಾಟ್ ಸೆನ್ಸರ್ (ಕನ್ನಡಿಯಲ್ಲಿ ಕಾಣದ ಗಾಡಿಯನ್ನು ಚಾಲಕನಿಗೆ ತಿಳಿಸುವುದು) ಕೂಡ, ಅದು ಸ್ವಲ್ಪ ಹಳೆಯ ಮಾದರಿಯದಾದರೆ, ಅಲ್ಲೇ ಇರುತ್ತದೆ. ಅಗ್ಗದ ಯಂತ್ರಕ್ಕೆ ಇವೆಲ್ಲ ಒಂದೇ. ಊರೊಳಗೆ ಬೀಪ್, ಹೆದ್ದಾರಿಯಲ್ಲಿ ಬೀಪ್. ಕೊನೆಗೆ ಜನ ಸದ್ದು ಕಡಿಮೆ ಮಾಡಿ ಮರೆತುಬಿಡುತ್ತಾರೆ. ಹಾಗಾಗಿ ಬ್ಲೈಂಡ್ ಸ್ಪಾಟ್ ಅಲೆಯನ್ನು ಸೋಸುವ ಫಿಲ್ಟರ್ ಇದೆಯಾ ಕೇಳಿ. ದಿನಾ ಒಂದೇ ಜಾಗದಲ್ಲಿ ಬರುವ ಸುಳ್ಳು ಎಚ್ಚರಿಕೆಯನ್ನು ಜಿಪಿಎಸ್ ನೋಡಿ ನೆನಪಿಟ್ಟು ಸುಮ್ಮನಾಗುವ ಸೌಲಭ್ಯ ಇದೆಯಾ ಕೇಳಿ. ಎಕ್ಸ್ ಬ್ಯಾಂಡ್ ಬಂದ್ ಮಾಡುವ ಅನುಕೂಲ ಇರಬೇಕು. ಇವು ಇಲ್ಲದಿದ್ದರೆ ಎಷ್ಟು ದೂರದಿಂದ ಹಿಡಿಯುತ್ತದೆ ಅನ್ನುವ ಮಾತಿಗೆ ಬೆಲೆ ಇಲ್ಲ.

ದುಡ್ಡು ಕೊಡುವ ಮೊದಲು ಪರೀಕ್ಷೆ ಮಾಡಿ. ತಾನಾಗಿ ತೆರೆಯುವ ಬಾಗಿಲು ಇರುವ ಕಡೆ ಯಂತ್ರ ಚಾಲೂ ಮಾಡಿ ಹತ್ತಿರ ಹೋಗಿ, ದೂರ ಬನ್ನಿ. ಹತ್ತಿರ ಹೋದಾಗ ಅಲೆಯ ಜೋರು ತೋರಿಸುವ ಗೆರೆ ಏರಬೇಕು, ದೂರ ಬಂದಾಗ ಇಳಿಯಬೇಕು. ಬಾಗಿಲಿನ ಸೆನ್ಸರ್ ರಾಡಾರ್ ತರಹದ್ದೇ ಎಂದು ಮೊದಲು ಖಚಿತ ಮಾಡಿಕೊಳ್ಳಿ, ಕೆಲವು ಕಡೆ ಬೆಳಕಿನ ಸೆನ್ಸರ್ ಇರುತ್ತದೆ. ಖಾಲಿ ಬಯಲಿಗೆ ಹೋದರೂ ಬೀಪ್ ನಿಲ್ಲದಿದ್ದರೆ ಆ ಯಂತ್ರ ವಾಪಸ್ ಕೊಡಿ. ಟಿವಿ ರಿಮೋಟ್ ಹಿಡಿದು ಲೇಸರ್ ಪರೀಕ್ಷೆ ಮಾಡಿ ತೋರಿಸುವವರನ್ನು ನಂಬಬೇಡಿ. ರಿಮೋಟಿನ ಬೆಳಕೂ ಗನ್ನಿನ ಬೆಳಕೂ ಒಂದೇ ಅಲ್ಲ.

ಬಿಲ್ ಇಲ್ಲದ, ವಾರಂಟಿ ಇಲ್ಲದ ಆಮದು ಮಾಲು ಬೇಡವೇ ಬೇಡ. ಕೆಟ್ಟರೆ ಇಲ್ಲಿ ರಿಪೇರಿ ಮಾಡುವವರಿಲ್ಲ. ನಮ್ಮಂಥ ವೈರಿಂಗ್‌ನವರ ಹತ್ತಿರ ಆ ಆವರ್ತನ ಅಳೆಯುವ ಸಾಧನವೇ ಇರುವುದಿಲ್ಲ.

ಇನ್ನು ಕಾನೂನು. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಡಿಟೆಕ್ಟರ್ ಎಂದು ಹೆಸರು ಹಿಡಿದು ಬರೆದಿಲ್ಲ. ಅದನ್ನೇ ಪೂರ್ತಿ ಒಪ್ಪಿಗೆ ಎಂದು ತಿಳಿಯಬೇಡಿ. ಅಮೆರಿಕದಲ್ಲೂ ವರ್ಜೀನಿಯಾ ರಾಜ್ಯದಲ್ಲಿ ಇದಕ್ಕೆ ನಿಷೇಧ ಇದೆ. ಗಲ್ಫ್‌ಗೆ ಕೆಲಸಕ್ಕೆ ಹೋಗುವವರು ಇದನ್ನು ಜೊತೆಗೆ ಒಯ್ಯಲೇಬಾರದು, ಎಮಿರೇಟ್ಸ್‌ನಲ್ಲಿ ಇದು ಅಪರಾಧ. ಗನ್ನಿನ ಅಲೆಯನ್ನು ಕೆಡಿಸುವ ಜಾಮರ್ ಬಗ್ಗೆ ಒಂದೇ ಮಾತು: ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಕಾನೂನುಬಾಹಿರ, ನನ್ನ ಅಂಗಡಿಯಲ್ಲಿ ಅದನ್ನು ಹಾಕುವುದಿಲ್ಲ.

ಗಾಡಿಗೆ ಹಾಕುವಾಗ

ಮುಂದಿನ ಗಾಜಿನ ಮೇಲ್ಭಾಗ, ಒಳಕನ್ನಡಿಯ ಕೆಳಗೆ, ನೆಲಕ್ಕೆ ಸಮವಾಗಿ ಇರಲಿ. ವೈಪರ್ ಒರೆಸುವ ಜಾಗದೊಳಗೆ ಬರಬೇಕು. ಬಿಸಿಲು ತಡೆಯಲು ಲೋಹದ ಪದರ ಇರುವ ಗಾಜು ಅಥವಾ ಫಿಲ್ಮ್ ಇದ್ದರೆ ಅಲೆ ಒಳಗೆ ಬರುವುದೇ ಕಷ್ಟ. ಕೆಲವು ಗಾಡಿಗಳಲ್ಲಿ ಕನ್ನಡಿಯ ಸುತ್ತ ಕರಿ ಚುಕ್ಕೆಗಳ ಒಂದು ಜಾಗ ಬಿಟ್ಟಿರುತ್ತಾರೆ, ಅಲ್ಲಿ ಪದರ ಇರದೇ ಇರಬಹುದು. ಡ್ಯಾಶ್‌ಕ್ಯಾಮ್ ಪಕ್ಕಕ್ಕೇ ಅಂಟಿಸಬೇಡಿ. ಅದರಿಂದ ಹೊರಬರುವ ರೇಡಿಯೋ ಗದ್ದಲ ಡಿಟೆಕ್ಟರಿನ ಕಿವಿ ಮುಚ್ಚುತ್ತದೆ.

ವೈರ್ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಇಗ್ನಿಷನ್ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿನಿಂದ, ಫ್ಯೂಸ್ ಟ್ಯಾಪ್ ಹಾಕಿ, 2 ಆಂಪಿಯರ್ ಫ್ಯೂಸ್ ಕೊಟ್ಟು ಲೈನ್ ತೆಗೆಯಬೇಕು. ಕಂಪನಿಯ ವೈರ್ ಸುಲಿದು ಟೇಪ್ ಸುತ್ತುವುದು ಬೇಡ. ಗಾಜಿನ ಪಕ್ಕದ ಕಂಬದೊಳಗೆ ಎಷ್ಟೋ ಕಾರುಗಳಲ್ಲಿ ಕರ್ಟನ್ ಏರ್‌ಬ್ಯಾಗ್ ಇರುತ್ತದೆ. ನಮ್ಮ ವೈರ್ ಅದರ ಮುಂದೆ ಬಂದರೆ ಅಪಘಾತದ ಹೊತ್ತಿಗೆ ಅಡ್ಡ ಆಗುತ್ತದೆ. ಏರ್‌ಬ್ಯಾಗಿನ ಹಿಂದಿನಿಂದ ತಂದು, ಕ್ಲಿಪ್ ಹಾಕಿ ಬಿಗಿ ಮಾಡಬೇಕು. ಹಳದಿ ಕನೆಕ್ಟರ್ ಕಂಡರೆ ಕೈ ದೂರ ಇಡಬೇಕು. ಡ್ಯಾಶ್‌ಕ್ಯಾಮ್ ಹಾಕಿಸುವಾಗಲೂ ಇದೇ ನಿಯಮ. ಯಾರ ಹತ್ತಿರ ಹಾಕಿಸಿದರೂ ಪಕ್ಕದಲ್ಲಿ ನಿಂತು ನೋಡಿ.

ನಮ್ಮ ಏಪ್ರಿಲ್, ಮೇ ಬಿಸಿಲು ನಿಮಗೆ ಗೊತ್ತಲ್ಲ. ಹೊರಗೆ ನಲವತ್ತು ದಾಟಿದ ದಿನ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಲು ಆಗುವುದಿಲ್ಲ. ಗಾಜಿಗೆ ಅಂಟುವ ರಬ್ಬರ್ ಕಪ್ ಬಿದ್ದುಹೋಗುತ್ತದೆ. ಒಳಗೆ ಬ್ಯಾಟರಿ ಇರುವ ಯಂತ್ರ ಊದಿಕೊಳ್ಳುತ್ತದೆ. ಬ್ಯಾಟರಿ ಇಲ್ಲದ, ವೈರಿನಿಂದ ನಡೆಯುವ ಯಂತ್ರವೇ ನಮ್ಮ ಊರಿಗೆ ಒಳ್ಳೆಯದು.

ಚಲನ್ ಬಂದರೆ

ಅತಿವೇಗಕ್ಕೆ ಕಾಯ್ದೆಯ 183ನೇ ಸೆಕ್ಷನ್. 2019ರ ತಿದ್ದುಪಡಿಯ ನಂತರ ಕಾರಿನಂಥ ಹಗುರ ವಾಹನಕ್ಕೆ ದಂಡ 1,000ದಿಂದ 2,000 ರೂಪಾಯಿ, ಭಾರಿ ವಾಹನಕ್ಕೆ 2,000ದಿಂದ 4,000. ಎಲೆಕ್ಟ್ರಾನಿಕ್ ಸಾಧನದಿಂದ ಹಿಡಿಯುವುದಕ್ಕೆ 2021ರಲ್ಲಿ ಬಂದ 167ಎ ನಿಯಮ ಇದೆ. ಆ ಪ್ರಕಾರ ಸಾಧನಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷವರ್ಷ ನವೀಕರಿಸಬೇಕು, ಅಂಥ ಜಾಗಕ್ಕೆ ಮುಂಚೆ ಎಚ್ಚರಿಕೆಯ ಬೋರ್ಡ್ ಇರಬೇಕು, 15 ದಿನದೊಳಗೆ ನೋಟಿಸ್ ಕಳಿಸಬೇಕು. ವೇಗ ಅಳೆಯುವ ರಾಡಾರ್ ಸಾಧನಗಳನ್ನು ತೂಕ ಅಳತೆಯ ಇಲಾಖೆಯಿಂದ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು ಎಂಬ ನಿಯಮವೂ 2025ರಲ್ಲಿ ಬಂದಿದೆ. ಅಂಗಡಿಯ ತಕ್ಕಡಿಗೆ ಮುದ್ರೆ ಹಾಕುವ ಅದೇ ಕಾನೂನು.

ಇದು ನಿಮ್ಮ ಹಕ್ಕು. ಚಲನ್ ತಪ್ಪು ಅನಿಸಿದರೆ ಫೋಟೋ ನೋಡಿ. ಅದರಲ್ಲಿ ನಿಮ್ಮ ನಂಬರ್, ಜಾಗ, ದಿನಾಂಕ, ಸಮಯ, ಅಳೆದ ವೇಗ ಎಲ್ಲ ಇದೆಯಾ? ಒಂದೇ ಚಿತ್ರದಲ್ಲಿ ಎರಡು ಗಾಡಿ ಇದ್ದು, ಅಳೆದಿದ್ದು ರಾಡಾರಿನಿಂದಾದರೆ, ಅಂಕಿ ಯಾರದ್ದು ಎಂದು ಕೇಳಬಹುದು. ಈ ಲೇಖನದಲ್ಲಿ ಕಿರಣದ ಅಗಲದ ಬಗ್ಗೆ ಅಷ್ಟು ಹೇಳಿದ್ದು ಇದಕ್ಕೇ. ಡಿಟೆಕ್ಟರ್ ಮಾಡದ ಕೆಲಸವನ್ನು ಈ ತಿಳಿವಳಿಕೆ ಮಾಡುತ್ತದೆ.

ಅದೇ ದುಡ್ಡಿಗೆ ಬೇರೆ ಏನು

ಮೊದಲು ದುಡ್ಡಿಲ್ಲದೆ ಸಿಗುವುದು. ಮೊಬೈಲಿನ ಗೂಗಲ್ ಮ್ಯಾಪ್ಸ್, ಮ್ಯಾಪಲ್ಸ್ ಆ್ಯಪ್‌ಗಳು ಎಷ್ಟೋ ರಸ್ತೆಗಳಲ್ಲಿ ವೇಗದ ಮಿತಿಯನ್ನೂ ಕ್ಯಾಮೆರಾ ಇರುವ ಜಾಗವನ್ನೂ ತೋರಿಸುತ್ತವೆ. 2019ರ ಜುಲೈ ನಂತರ ತಯಾರಾದ ಕಾರುಗಳಲ್ಲಿ ವೇಗದ ಎಚ್ಚರಿಕೆ ಕಡ್ಡಾಯ. 80 ದಾಟಿದರೆ ಆಗಾಗ ಬೀಪ್, 120 ದಾಟಿದರೆ ಬಿಡದೆ ಬೀಪ್. "ಆ ಸದ್ದು ತೆಗೀರಿ ಅಣ್ಣಾ" ಅಂತ ಬರುವವರೂ ಇದ್ದಾರೆ. ನಾನು ತೆಗೆಯುವುದಿಲ್ಲ. ಕಾರಣ ಹೇಳುತ್ತೇನೆ.

ಎಂಬತ್ತರಲ್ಲಿ ಹೋಗುವ ಕಾರು, ಚಾಲಕ ನೋಡಿ ಬ್ರೇಕ್ ಒತ್ತಿ ನಿಲ್ಲುವುದಕ್ಕೆ, ಒಣ ಡಾಂಬರಿನ ಮೇಲೆ ಸುಮಾರು 70 ಮೀಟರ್ ಬೇಕು. ನೂರರಲ್ಲಿ ಹೋದರೆ ಸುಮಾರು 100 ಮೀಟರ್. ಈಗ 70 ಮೀಟರ್ ಮುಂದೆ ಒಂದು ಅದಿರು ಲಾರಿ ಹಿಂದಿನ ದೀಪ ಇಲ್ಲದೆ ನಿಂತಿದೆ ಎಂದುಕೊಳ್ಳಿ. ಸಂಡೂರು, ತೋರಣಗಲ್ಲು ಕಡೆ ರಾತ್ರಿ ಓಡಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಂಬತ್ತರವನು ಅದರ ಹಿಂದೆ ನಿಲ್ಲುತ್ತಾನೆ. ನೂರರವನು ಅದೇ ಜಾಗಕ್ಕೆ ಬರುವಾಗ ಅವನ ವೇಗ ಇನ್ನೂ ಎಪ್ಪತ್ತರ ಆಸುಪಾಸಿನಲ್ಲಿ ಇರುತ್ತದೆ. ಎಪ್ಪತ್ತರಲ್ಲಿ ಲಾರಿಯ ಹಿಂಬದಿಗೆ ನುಗ್ಗುತ್ತಾನೆ. ಇಪ್ಪತ್ತು ಕಿಲೋಮೀಟರಿನ ವ್ಯತ್ಯಾಸ ಇಷ್ಟು ದೊಡ್ಡದು. ನಾನು ಈ ಲೆಕ್ಕವನ್ನು ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಕಾಗದದ ಮೇಲೆ ಮಾಡಿ ತೋರಿಸುತ್ತೇನೆ.

ಹಾಗಾಗಿ ದುಡ್ಡು ಹಾಕುವುದಾದರೆ ನಿಮ್ಮ ಕಾರಿನೊಳಗೇ ಇರುವ ರಾಡಾರಿಗೆ ಹಾಕಿ. ಹೊಸ ಕಾರು ಕೊಳ್ಳುವವರು ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಇರುವ ಮಾದರಿ ಸಿಗುತ್ತದಾ ನೋಡಿ. ಅದು ರಾಡಾರಿನಿಂದಲೋ ಬರೀ ಕ್ಯಾಮೆರಾದಿಂದಲೋ ಎಂದು ಶೋರೂಮಿನಲ್ಲಿ ಕೇಳಿ, ಎರಡೂ ತರಹ ಮಾರಾಟದಲ್ಲಿವೆ. ಕ್ಯಾಮೆರಾಕ್ಕೆ ಬೆಳಕು ಬೇಕು. ರಾಡಾರಿಗೆ ಕತ್ತಲು, ಮಂಜು, ಧೂಳು ಅಷ್ಟು ಅಡ್ಡಿ ಮಾಡುವುದಿಲ್ಲ. ಈ ರಾಡಾರ್ ಕೆಲಸ ಮಾಡುವುದು 77 ಗಿಗಾಹರ್ಟ್ಸ್ ಸುತ್ತ. ಅಲೆಯ ಉದ್ದ ನಾಲ್ಕು ಮಿಲಿಮೀಟರಿಗಿಂತ ಕಡಿಮೆ. ಗನ್ನಿನಂತೆ ಬರೀ ವೇಗ ಹೇಳದೆ, ಮುಂದಿನ ವಾಹನ ಎಷ್ಟು ದೂರದಲ್ಲಿದೆ ಅನ್ನುವುದನ್ನೂ ಹೇಳುತ್ತದೆ. ಅದಕ್ಕೆ ಆವರ್ತನವನ್ನು ಏರಿಸುತ್ತಾ ಅಲೆ ಕಳಿಸುತ್ತದೆ. ವಾಪಸ್ ಬಂದ ಅಲೆ ಎಷ್ಟು ಹಿಂದೆ ಬಿದ್ದಿದೆ ಎಂಬುದರಿಂದ ದೂರ ಸಿಗುತ್ತದೆ.

ಇದಕ್ಕೂ ಮಿತಿ ಇದೆ. ಓಡುತ್ತಿರುವ ಗಾಡಿಯನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಹೆದ್ದಾರಿಯ ವೇಗದಲ್ಲಿ ನಾವು ಹೋಗುವಾಗ ಮುಂದೆ ನಿಂತಿರುವ ವಾಹನವನ್ನು ಗುರುತಿಸದೇ ಹೋಗಬಹುದು ಎಂದು ಎಷ್ಟೋ ಕಾರುಗಳ ಮಾಲೀಕರ ಪುಸ್ತಕದಲ್ಲೇ ಬರೆದಿದೆ. ಗಂಗಾವತಿ ಕಡೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್, ರಾಯಚೂರು ಕಡೆ ಹತ್ತಿ ತುಂಬಿದ ಗಾಡಿ, ಎತ್ತಿನ ಬಂಡಿ, ಕುರಿ ಹಿಂಡು, ಇವು ಲೋಹದಷ್ಟು ಜೋರಾಗಿ ಅಲೆ ತಿರುಗಿಸುವುದಿಲ್ಲ. ದಯವಿಟ್ಟು ಆ ಪುಸ್ತಕದ ಆ ಪುಟ ಓದಿ.

ಮತ್ತೆ ನಮ್ಮ ಜಿಲ್ಲೆಗೆ ಬಹಳ ಬೇಕಾದ ಮಾತು. ಮುಂದಿನ ರಾಡಾರ್ ಸಾಮಾನ್ಯವಾಗಿ ಕಂಪನಿಯ ಲಾಂಛನದ ಹಿಂದೆ ಅಥವಾ ಕೆಳಗಿನ ಜಾಲರಿಯ ಹಿಂದೆ ಇರುತ್ತದೆ. ಬ್ಲೈಂಡ್ ಸ್ಪಾಟ್ ರಾಡಾರ್ ಹಿಂದಿನ ಬಂಪರಿನ ಎರಡು ಮೂಲೆಗಳೊಳಗೆ. ಒಣ ಧೂಳು ತೆಳ್ಳಗೆ ಕೂತರೆ ತೊಂದರೆ ಇಲ್ಲ. ಮಳೆಗಾಲದಲ್ಲಿ ಅದಿರಿನ ಕೆಂಧೂಳು ಕೆಸರಾಗಿ ದಪ್ಪಗೆ ಮೆತ್ತಿಕೊಂಡರೆ ಆ ಒದ್ದೆ ಪದರ ಅಲೆಯನ್ನು ಕುಡಿದುಬಿಡುತ್ತದೆ. ಮೀಟರಿನಲ್ಲಿ ಸೆನ್ಸರ್ ಮುಚ್ಚಿದೆ ಎಂಬ ಸೂಚನೆ ಬಂದರೆ ಗಾಡಿ ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಲಾಂಛನದ ಮೇಲೆ ದೇವರ ಸ್ಟಿಕರ್, ರಿಬ್ಬನ್, ದಪ್ಪ ಹೂವಿನ ಹಾರ ಬೇಡ. ಆಯುಧಪೂಜೆಯ ದಿನ ಹಾರ ಹಾಕಿ, ಓಡಿಸುವ ಮುಂಚೆ ಪಕ್ಕಕ್ಕೆ ಸರಿಸಿ. ಮುಂದೆ ಕಬ್ಬಿಣದ ಬುಲ್ ಗಾರ್ಡ್ ಹಾಕಿಸಬೇಡಿ. ಅದು ಹೇಗೂ ನಿಯಮಕ್ಕೆ ವಿರುದ್ಧ, ರಾಡಾರಿಗೂ ಗೋಡೆ.

ಬಂಪರ್ ಒಡೆದಾಗ ಜಾಸ್ತಿ ಹುಷಾರಾಗಿರಿ. ಟಿಂಕರಿಂಗ್‌ನವರು ಬಂಪರ್ ಮೂಲೆಗೆ ಪುಟ್ಟಿ ಮೆತ್ತಿ, ಮೇಲೆ ಎರಡು ಮೂರು ಕೋಟ್ ಮೆಟಾಲಿಕ್ ಪೇಂಟ್ ಹೊಡೆಯುತ್ತಾರೆ. ನೋಡಲು ಹೊಸದರಂತೆ ಇರುತ್ತದೆ. ಒಳಗಿನ ರಾಡಾರಿಗೆ ಮಾತ್ರ ದಾರಿ ಮಬ್ಬಾಗುತ್ತದೆ. ರಾಡಾರ್ ಇರುವ ಜಾಗಕ್ಕೆ ಪುಟ್ಟಿ ಬೇಡ, ಬಂಪರ್ ಬದಲಿಸಿ ಎಂದು ಮೊದಲೇ ಹೇಳಿ. ರಾಡಾರ್ ಬಿಚ್ಚಿ ಮತ್ತೆ ಕೂರಿಸಿದರೆ ಅದರ ಗುರಿ ಸರಿಪಡಿಸುವ ಕ್ಯಾಲಿಬ್ರೇಷನ್ ಆಗಲೇಬೇಕು. ಒಂದು ಡಿಗ್ರಿ ವಾಲಿದರೂ ನೂರು ಮೀಟರ್ ಮುಂದೆ ಅದು ಸುಮಾರು ಒಂದೂಮುಕ್ಕಾಲು ಮೀಟರ್ ಪಕ್ಕಕ್ಕೆ ನೋಡುತ್ತಿರುತ್ತದೆ, ಅಂದರೆ ಪಕ್ಕದ ಲೇನಿನ ಗಾಡಿಯನ್ನು ನಿಮ್ಮ ಮುಂದಿನದು ಎಂದು ತಿಳಿಯಬಹುದು. ಗ್ಯಾರೇಜಿನಿಂದ ಗಾಡಿ ತೆಗೆದುಕೊಳ್ಳುವಾಗ ಬಿಲ್ಲಿನಲ್ಲಿ ಕ್ಯಾಲಿಬ್ರೇಷನ್ ಎಂಬ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ, ಮಾಡಿಸಿಕೊಂಡೇ ಗಾಡಿ ಹೊರಗೆ ತೆಗೆಯಿರಿ.